ಹೃದಯದೊಳಗಿನ ಅಡ್ಡದಾರಿ: ಗುರುತಿಸುವ ಬಗೆ, ಅಬ್ಲೇಷನ್ ಚಿಕಿತ್ಸೆ

ಹೃದಯದ ಪ್ರತಿ ಬಡಿತವೂ ಒಂದು ಸಣ್ಣ ವಿದ್ಯುತ್ ಸಂಕೇತದಿಂದ ಶುರುವಾಗುತ್ತದೆ. ಬಲ ಹೃತ್ಕರ್ಣದ ಮೇಲ್ತುದಿಯಲ್ಲಿ ಎಸ್‌ಎ ನೋಡ್ ಎಂಬ ಜೀವಕೋಶಗಳ ಪುಟ್ಟ ಗುಂಪಿದೆ. ಸುಮ್ಮನೆ ಕುಳಿತಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ 60ರಿಂದ 100 ಸಲ ಸಂಕೇತ ಹೊರಡಿಸುತ್ತದೆ. ಸಂಕೇತ ಮೊದಲು ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳಲ್ಲಿ ಹರಡುತ್ತದೆ. ನಡುವಿನ ಎವಿ ನೋಡ್‌ಗೆ ಬಂದಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಹಿಸ್ ಕಟ್ಟು ಎಂಬ ನಾರುಗಳ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ತಡೆ ಇರುವುದರಿಂದಲೇ ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಲು ಬಿಡುವು ಸಿಗುತ್ತದೆ. ಎವಿ ನೋಡ್‌ಗೆ ಇನ್ನೊಂದು ಕೆಲಸವೂ ಇದೆ. ಮೇಲಿನ ಕೋಣೆಗಳು ಯಾವುದೋ ಕಾರಣಕ್ಕೆ ನಿಮಿಷಕ್ಕೆ ಮುನ್ನೂರು, ನಾನೂರು ಸಲ ಕಂಪಿಸತೊಡಗಿದರೆ ಅಷ್ಟನ್ನೂ ಅದು ಕೆಳಗೆ ಬಿಡುವುದಿಲ್ಲ. ಜೀವ ಉಳಿಸುವ ಸೋಸುವಿಕೆ ಅದು. ಎವಿ ನೋಡನ್ನು 1906ರಲ್ಲಿ ಜಪಾನಿನ ಸುನಾವೊ ತವಾರಾ ವಿವರಿಸಿದರು. ಮರುವರ್ಷ, 1907ರಲ್ಲಿ, ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಸ್‌ಎ ನೋಡನ್ನು ವಿವರಿಸಿದರು.

ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ, ಕವಾಟಗಳ ಸುತ್ತ, ನಾರಿನ ಉಂಗುರವೊಂದಿದೆ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೊಲದ ಒಡ್ಡಿಗೆ ನೀರು ಬಿಡಲು ಒಂದೇ ಕಂಡಿ ಇಟ್ಟಂತೆ, ಈ ಉಂಗುರದಲ್ಲಿ ಸಂಕೇತ ದಾಟಲು ಇರುವುದು ಎವಿ ನೋಡ್ ಮತ್ತು ಹಿಸ್ ಕಟ್ಟಿನ ಒಂದೇ ಹಾದಿ. ಮಗು ಗರ್ಭದಲ್ಲಿ ಬೆಳೆಯುವಾಗ ಈ ಉಂಗುರ ಪೂರ್ತಿ ಮುಚ್ಚಿಕೊಳ್ಳದೆ ಒಂದೆಡೆ ಸ್ನಾಯುವಿನ ಸಣ್ಣ ಎಳೆ ಉಳಿದುಬಿಟ್ಟರೆ ಅದೇ ಅಡ್ಡದಾರಿಯಾಗುತ್ತದೆ. ಅದು ಕೂದಲೆಳೆಯಷ್ಟು ತೆಳ್ಳಗಿರಬಹುದು. ತಾಯಿಯ ಊಟ, ಓಡಾಟ, ಗ್ರಹಣ ಯಾವುದೂ ಇದಕ್ಕೆ ಕಾರಣವಲ್ಲ. ಸಾವಿರ ಜನರ ಇಸಿಜಿ ತೆಗೆದರೆ ಒಬ್ಬರಿಂದ ಮೂವರಲ್ಲಿ ಇದರ ಗುರುತು ಸಿಗುತ್ತದೆ. ಅವರಲ್ಲಿ ಎಷ್ಟೋ ಜನರಿಗೆ ಬದುಕಿನುದ್ದಕ್ಕೂ ಏನೂ ಆಗದೇ ಇರಬಹುದು.

ಅಡ್ಡದಾರಿ ಇದ್ದವರಿಗೆ ತೊಂದರೆ ಬರುವುದು ಸಂಕೇತ ಸುತ್ತು ಹೊಡೆಯತೊಡಗಿದಾಗ. ಎವಿ ನೋಡ್ ಮೂಲಕ ಕೆಳಗಿಳಿದ ಸಂಕೇತ ಅಡ್ಡದಾರಿ ಹಿಡಿದು ಮತ್ತೆ ಮೇಲೇರುತ್ತದೆ, ಮೇಲೇರಿದ್ದು ಮತ್ತೆ ಎವಿ ನೋಡ್‌ನಲ್ಲಿ ಇಳಿಯುತ್ತದೆ. ಒಂದು ಸುತ್ತಿಗೆ ಒಂದು ಬಡಿತ. ಹೀಗೆ ನಿಮಿಷಕ್ಕೆ 150ರಿಂದ 250 ಬಡಿತಗಳಾಗುತ್ತವೆ. ಸುತ್ತು ಎಲ್ಲಿಯಾದರೂ ಒಂದು ಕಡೆ ಕಡಿದರೆ ಸಾಕು, ಅರೆಕ್ಷಣದಲ್ಲಿ ಹೃದಯ ಮಾಮೂಲಿಗೆ ಮರಳುತ್ತದೆ. ಹಠಾತ್ತನೆ ಶುರುವಾಗಿ ಹಠಾತ್ತನೆ ನಿಲ್ಲುವ ಈ ಗುಣವೇ ಕಾಯಿಲೆಯ ದೊಡ್ಡ ಗುರುತು.

ಕೆಲವರಲ್ಲಿ ಅಡ್ಡದಾರಿ ಮೇಲಿನಿಂದ ಕೆಳಕ್ಕೂ ಸಂಕೇತ ಒಯ್ಯುತ್ತದೆ. ಆಗ ಹೃತ್ಕುಕ್ಷಿಯ ಒಂದು ಭಾಗ ಸಮಯಕ್ಕೆ ಮುಂಚೆಯೇ ಎಚ್ಚರಗೊಳ್ಳುತ್ತದೆ, ಆರಾಮಾಗಿರುವಾಗ ತೆಗೆದ ಇಸಿಜಿಯಲ್ಲೂ ಅದು ಕಾಣುತ್ತದೆ. 1930ರಲ್ಲಿ ಬೋಸ್ಟನ್ನಿನ ಲೂಯಿ ವುಲ್ಫ್, ಪಾಲ್ ಡಡ್ಲಿ ವೈಟ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ ಇಂಥ 11 ರೋಗಿಗಳ ವಿವರ ಪ್ರಕಟಿಸಿದರು. ಬೇರೆ ಹೃದ್ರೋಗವಿಲ್ಲದ, ಬಹುಪಾಲು ಎಳೆವಯಸ್ಸಿನವರು ಅವರು. ಅದರಿಂದಲೇ ಇದಕ್ಕೆ ವುಲ್ಫ್-ಪಾರ್ಕಿನ್ಸನ್-ವೈಟ್, ಚಿಕ್ಕದಾಗಿ ಡಬ್ಲ್ಯುಪಿಡಬ್ಲ್ಯು, ಎಂಬ ಹೆಸರಿದೆ. ಇನ್ನು ಕೆಲವರಲ್ಲಿ ಅಡ್ಡದಾರಿ ಕೆಳಗಿನಿಂದ ಮೇಲಕ್ಕೆ ಮಾತ್ರ ಒಯ್ಯುತ್ತದೆ. ಅಂಥವರ ಇಸಿಜಿ ಬಡಿತ ಓಡದಿರುವಾಗ ಅಚ್ಚುಕಟ್ಟಾಗಿರುತ್ತದೆ. ಇದನ್ನು ಅಡಗಿದ ಅಡ್ಡದಾರಿ ಎನ್ನಬಹುದು.

ಇದಕ್ಕಿಂತ ಹೆಚ್ಚು ಜನರಲ್ಲಿರುವುದು ಇನ್ನೊಂದು ಬಗೆ. ಅದರಲ್ಲಿ ಉಂಗುರ ದಾಟುವ ಎಳೆ ಇರುವುದಿಲ್ಲ. ಎವಿ ನೋಡ್‌ನ ಆಸುಪಾಸಿನಲ್ಲೇ ಒಂದು ವೇಗದ ದಾರಿ, ಒಂದು ನಿಧಾನದ ದಾರಿ ಎಂದು ಎರಡಿದ್ದು, ಸಂಕೇತ ಅವೆರಡರ ನಡುವೆಯೇ ಗಿರಕಿ ಹೊಡೆಯುತ್ತದೆ. ವೈದ್ಯರು ಇದನ್ನು ಎವಿಎನ್‌ಆರ್‌ಟಿ ಎಂದು ಬರೆಯುತ್ತಾರೆ. ಹಠಾತ್ ವೇಗದ ಬಡಿತಕ್ಕೆಂದು ಬರುವ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಇದೇ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹೃತ್ಕರ್ಣದ ಯಾವುದೋ ಒಂದು ಬಿಂದು ತಾನೇ ಸಂಕೇತ ಹೊರಡಿಸತೊಡಗುವುದು ಮೂರನೆಯ, ಕಡಿಮೆ ಕಾಣುವ ಬಗೆ. ಇವೆಲ್ಲಕ್ಕೂ ಸೇರಿಸಿ ಎಸ್‌ವಿಟಿ ಎಂಬ ಹೆಸರಿದೆ. ರೋಗಿಯ ಚೀಟಿಯ ಮೇಲೆ ಸಾಮಾನ್ಯವಾಗಿ ಕಾಣುವುದು ಈ ಮೂರಕ್ಷರ.

ರೋಗಿಗೆ ಆಗುವುದೇನು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಕಡೆಯ ರೋಗಿಗಳು ವೈದ್ಯರ ಮುಂದೆ ಹೇಳುವುದು ‘ಎದಿ ಡಬಡಬ ಹೊಡ್ಕೋತದ, ಜೀವ ಗಾಬರಿ ಆಗ್ತದ’ ಎಂದು. ಇಷ್ಟೇ ಮಾತಿನ ಹಿಂದೆ ಹತ್ತಾರು ಕಾರಣಗಳಿರಬಹುದಾದ್ದರಿಂದ ವಿವರ ಕೇಳುವುದು ಮುಖ್ಯ. ಗುಂಡಿ ಒತ್ತಿದಂತೆ ಶುರುವಾಯಿತೇ, ಮೆಲ್ಲಗೆ ಏರಿತೇ? ನಿಂತಿದ್ದೂ ತಟ್ಟನೆಯೇ? ಕುತ್ತಿಗೆಯಲ್ಲಿ ಬಡಿತ ಜೋರಾಗಿ ಕಾಣುತ್ತಿತ್ತೇ? ನಿಂತ ಮೇಲೆ ಮೂತ್ರ ಧಾರಾಳವಾಗಿ ಹೋಯಿತೇ? ಮೊದಲಿನದಕ್ಕೆ ಗುಂಡಿ ಒತ್ತಿದಂತೆ, ಉಳಿದ ಮೂರಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಎಸ್‌ವಿಟಿ ಇರಬಹುದೆಂಬ ಅನುಮಾನ ಅರ್ಧ ಗಟ್ಟಿಯಾದಂತೆ. ತಲೆ ತಿರುಗುವುದು, ಉಸಿರು ಸಾಲದಂತಾಗುವುದು, ಎದೆ ಬಿಗಿಯುವುದು ಜೊತೆಗೂಡಬಹುದು. ಪ್ರಜ್ಞೆ ತಪ್ಪಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕಲಬುರಗಿ ಜಿಲ್ಲೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ, ತೊಗರಿ ಹೊಲದಲ್ಲಿ ದುಡಿಯುವವರಿಗೆ ನೀರು ಸಾಲದೆ ನಾಡಿ 120, 130ಕ್ಕೆ ಏರುವುದು ಸಹಜ. ಆದರೆ ಅದು ಮೆಲ್ಲಗೆ ಏರಿ, ನೆರಳಿನಲ್ಲಿ ಕುಳಿತು ನೀರು ಕುಡಿದಾಗ ಮೆಲ್ಲಗೆ ಇಳಿಯುತ್ತದೆ. ರಕ್ತಹೀನತೆ, ಥೈರಾಯ್ಡ್ ಹೆಚ್ಚಾಗಿರುವುದು, ಜ್ವರ ಇವೂ ಬಡಿತ ಏರಿಸುತ್ತವೆ. ಹಾಗಾಗಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿಸಿಲಿನ ದಣಿವು, ನಿದ್ದೆಗೇಡು, ಹೆಚ್ಚು ಚಹಾ, ತಂಬಾಕು, ಮದ್ಯ ಇವು ಎಸ್‌ವಿಟಿ ಇದ್ದವರಲ್ಲಿ ಒಂದು ಸುತ್ತನ್ನು ಎಬ್ಬಿಸಿಬಿಡಬಹುದು. ಕಾಯಿಲೆಯ ಮೂಲ ಮಾತ್ರ ಅವಲ್ಲ. ಚಹಾ ಬಿಟ್ಟ ಮಾತ್ರಕ್ಕೆ ಅಡ್ಡದಾರಿ ಮುಚ್ಚುವುದಿಲ್ಲ.

ನೋವಿನ ಸಂಗತಿಯೆಂದರೆ, ಎಷ್ಟೋ ಜನ, ಅದರಲ್ಲೂ ಮನೆಯ ಹೆಣ್ಣುಮಕ್ಕಳು, ವರ್ಷಗಟ್ಟಲೆ ಗ್ಯಾಸ್, ಟೆನ್ಷನ್, ಗಾಳಿ ಸೋಕಿದ್ದು ಎಂಬ ಮಾತು ಕೇಳಿಸಿಕೊಂಡು ಗುಳಿಗೆ, ತಾಯತಗಳಲ್ಲೇ ದಿನ ದೂಡುತ್ತಾರೆ. ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತದ ಓಟ ನಿಂತಿರುತ್ತದೆ, ಇಸಿಜಿ ನಾರ್ಮಲ್ ಬರುತ್ತದೆ, ಏನೂ ಇಲ್ಲವೆಂದು ಮನೆಗೆ ಕಳಿಸುತ್ತಾರೆ. ಅಡಗಿದ ಅಡ್ಡದಾರಿ ಮತ್ತು ಎವಿಎನ್‌ಆರ್‌ಟಿ ಎರಡರಲ್ಲೂ ಹೀಗೆಯೇ ಆಗುತ್ತದೆ. ಪೂರ್ತಿ ವಾಸಿಯಾಗುವ ಕಾಯಿಲೆಯೊಂದು ಗುರುತೇ ಸಿಗದೆ ಉಳಿಯುವುದು ಇಲ್ಲಿ.

ಹಾಲುಗೂಸುಗಳಲ್ಲಿ ಗುರುತು ಬೇರೆ. ಮಗು ಹಾಲು ಬಿಡುತ್ತದೆ, ಬೆವರುತ್ತದೆ, ಏದುಸಿರು ಬಿಡುತ್ತದೆ, ಬಣ್ಣ ಕಂದುತ್ತದೆ. ಎದೆಯ ಮೇಲೆ ಕೈಯಿಟ್ಟರೆ ಬಡಿತ ಎಣಿಸಲಾರದಷ್ಟು ವೇಗವಾಗಿರುತ್ತದೆ. ನಿಮಿಷಕ್ಕೆ 220 ದಾಟಿದ್ದರೆ ಎಸ್‌ವಿಟಿ ಎಂದೇ ಅನುಮಾನಿಸಿ ತಡಮಾಡದೆ ಮಕ್ಕಳ ವೈದ್ಯರ ಬಳಿ ಒಯ್ಯಬೇಕು. ಇಂಥ ಎಷ್ಟೋ ಮಕ್ಕಳಲ್ಲಿ ಒಂದು ವರ್ಷ ತುಂಬುವುದರೊಳಗೆ ಅಡ್ಡದಾರಿ ತಾನಾಗಿ ನಿಷ್ಕ್ರಿಯವಾಗುತ್ತದೆ. ಅಲ್ಲಿಯವರೆಗೆ ಔಷಧಿಯಲ್ಲೇ ಸಂಭಾಳಿಸುತ್ತಾರೆ.

ಬಡಿತ ಓಡುತ್ತಿರುವಾಗಲೇ ಇಸಿಜಿ

ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪರೀಕ್ಷೆ ತೀರಾ ಅಗ್ಗದ್ದು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ತೆಗೆದ 12 ಲೀಡ್ ಇಸಿಜಿಯ ಒಂದು ಹಾಳೆ. ಅದು ಕೈಯಲ್ಲಿದ್ದರೆ ತಜ್ಞರ ಕೆಲಸ ಬಹುಪಾಲು ಮುಗಿದಂತೆ. ಅದಿಲ್ಲದಿದ್ದರೆ ಎಕೋ, ಟ್ರೆಡ್‌ಮಿಲ್ ಎಂದು ಎಷ್ಟು ದುಡ್ಡು ಸುರಿದರೂ ಉತ್ತರ ಸಿಗದೇ ಹೋಗಬಹುದು. ಹಳ್ಳಿಯವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲೇ ಲೆಕ್ಕ ಹಾಕಿಡಬೇಕು: ಹತ್ತಿರದಲ್ಲಿ ಇಸಿಜಿ ಯಂತ್ರ ಎಲ್ಲಿದೆ, ರಾತ್ರಿ ತೆಗೆಯುವವರು ಇರುತ್ತಾರೆಯೇ, ಅಲ್ಲಿಗೆ ಹೋಗಲು ಗಾಡಿ ಯಾರದು. ಕಲಬುರಗಿಯ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ಒಂದು ಗಂಟೆ ಪ್ರಯಾಣ ಮಾಡುವುದಕ್ಕಿಂತ, ದಾರಿಯಲ್ಲಿ ಸಿಗುವ ಸರ್ಕಾರಿ ಆಸ್ಪತ್ರೆಯಲ್ಲೋ ಖಾಸಗಿ ದವಾಖಾನೆಯಲ್ಲೋ ಮೊದಲು ಒಂದು ಇಸಿಜಿ ತೆಗೆಸಿ ಮುಂದೆ ಹೋಗುವುದು ಜಾಣತನ. ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯಜ್ಯೋತಿ ಯೋಜನೆ ಹೃದಯಾಘಾತಕ್ಕೆಂದು ರೂಪಿಸಿದ್ದು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ ಅದರ ಏರ್ಪಾಡು ಜಾರಿಯಾದ ಕಡೆಗಳಲ್ಲಿ ಬಡಿತದ ಕಾಯಿಲೆಯವರಿಗೂ ನೆರವಾಗಬಲ್ಲದು.

ಹಾಳೆಯನ್ನು ಓದುವುದು ವೈದ್ಯರ ಕೆಲಸವೇ ಆದರೂ ಒಂದೆರಡು ಲೆಕ್ಕ ಯಾರಿಗೂ ಗೊತ್ತಾಗುವಂಥವು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಸಣ್ಣ ಚೌಕಗಳ ದೊಡ್ಡ ಚೌಕ 0.2 ಸೆಕೆಂಡು. ಎರಡು ಚೂಪು ಗೆರೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅದರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕವಿದ್ದರೆ 75, ಒಂದೂವರೆ ಚೌಕವಿದ್ದರೆ 200. ಆರಾಮಿದ್ದಾಗಿನ ಇಸಿಜಿಯಲ್ಲಿ ಹೃತ್ಕರ್ಣದ ಸಣ್ಣ ಉಬ್ಬು ಶುರುವಾದಲ್ಲಿಂದ ಹೃತ್ಕುಕ್ಷಿಯ ಗೆರೆ ಶುರುವಾಗುವ ತನಕ ಮೂರರಿಂದ ಐದು ಸಣ್ಣ ಚೌಕಗಳಿರಬೇಕು. ಡಬ್ಲ್ಯುಪಿಡಬ್ಲ್ಯು ಇದ್ದವರಲ್ಲಿ ಈ ಅಂತರ ಮೂರಕ್ಕಿಂತ ಕಡಿಮೆಯಾಗಿ, ನೆಟ್ಟಗೆ ಮೇಲೇಳಬೇಕಾದ ಗೆರೆ ಬುಡದಲ್ಲಿ ಓರೆಯಾಗಿ ಮೇಲೇರುತ್ತದೆ. ಆ ಓರೆಯನ್ನು ಡೆಲ್ಟಾ ಅಲೆ ಎನ್ನುತ್ತಾರೆ. ಅಡ್ಡದಾರಿಯಿಂದ ಮುಂಚೆಯೇ ನುಸುಳಿದ ವಿದ್ಯುತ್ತಿನ ಗುರುತು ಅದು. ಯಾವ ಲೀಡ್‌ನಲ್ಲಿ ಅದು ಮೇಲ್ಮುಖ, ಯಾವುದರಲ್ಲಿ ಕೆಳಮುಖ ಎಂಬುದನ್ನು ನೋಡಿಯೇ ಎಳೆ ಉಂಗುರದ ಯಾವ ಭಾಗದಲ್ಲಿದೆ ಎಂದು ನುರಿತ ವೈದ್ಯರು ಅಂದಾಜು ಮಾಡುತ್ತಾರೆ. ಎಡಗಡೆಯ ಗೋಡೆಯಲ್ಲಿರುವ ಅಡ್ಡದಾರಿಗಳೇ ಹೆಚ್ಚು.

ಇಸಿಜಿ ಹಾಳೆ ಶಾಖಕ್ಕೆ ಕಪ್ಪಾಗುವ ಕಾಗದ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರೆ ಹಾಳೆಯೆಲ್ಲ ಕರ್ರಗಾಗಿ ಗೆರೆಗಳೇ ಹೋಗುತ್ತವೆ. ಬಿಸಿಲು ಬೀಳುವ ಕಡೆ ಇಟ್ಟರೂ ಕೆಲವು ತಿಂಗಳಲ್ಲಿ ಮಾಸುತ್ತದೆ. ತೆಗೆದ ದಿನವೇ ಬೆಳಕಿನಲ್ಲಿ ಚಪ್ಪಟೆಯಾಗಿ ಹರಡಿ ಮೊಬೈಲಿನಲ್ಲಿ ಫೋಟೊ ಹಿಡಿಯಬೇಕು, ಒಂದೆರಡು ಜೆರಾಕ್ಸ್ ಮಾಡಿಸಿಡಬೇಕು. ಹೆಸರು, ತಾರೀಖು, ಗಂಟೆ ಅದರ ಮೇಲಿರಲಿ. ಬಡಿತದ ಓಟ ನಿಲ್ಲಿಸಲು ಸೂಜಿಮದ್ದು ಕೊಡುವಾಗಲೂ ಇಸಿಜಿ ಓಡಿಸುತ್ತಲೇ ಇರುವಂತೆ ಕೇಳಿಕೊಳ್ಳಬಹುದು. ಓಟ ಹೇಗೆ ನಿಂತಿತು ಎಂಬುದೂ ರೋಗನಿರ್ಣಯಕ್ಕೆ ಬೇಕಾಗುತ್ತದೆ.

ದಿನಾ ಬರುವ ತೊಂದರೆಗೆ 24 ಗಂಟೆ ಮೈಮೇಲೆ ಧರಿಸುವ ಹೋಲ್ಟರ್ ಇಸಿಜಿ ಸಾಕು. ತಿಂಗಳಿಗೊಮ್ಮೆ ಬರುವುದಕ್ಕೆ ಅದರಿಂದ ಉಪಯೋಗ ಕಡಿಮೆ. ಒಂದು ಲೀಡಿನ ಇಸಿಜಿ ತೆಗೆಯುವ ಕೈಗಡಿಯಾರವಿದ್ದರೆ ಅದರ ದಾಖಲೆಯನ್ನೂ ವೈದ್ಯರಿಗೆ ತೋರಿಸಬೇಕು. ಎಕೋ ಒಮ್ಮೆ ಮಾಡಿಸುವುದು ಅಗತ್ಯ. ಬಲಗಡೆಯ ಅಡ್ಡದಾರಿ ಇರುವ ಕೆಲವರಲ್ಲಿ ಎಬ್‌ಸ್ಟೈನ್ ಎಂಬ ಹುಟ್ಟಿನಿಂದ ಬಂದ ಕವಾಟದ ದೋಷವೂ ಇರುತ್ತದೆ.

ಬಡಿತ ಶುರುವಾದಾಗ

ಓಡಾಡುತ್ತಿದ್ದರೆ ಕೂಡಬೇಕು, ಗಾಡಿ ನಡೆಸುತ್ತಿದ್ದರೆ ಬದಿಗೆ ನಿಲ್ಲಿಸಬೇಕು. ರೋಗ ಮೊದಲೇ ಗೊತ್ತಿದ್ದು, ಪ್ರಜ್ಞೆ ಸ್ಪಷ್ಟವಾಗಿದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಅರೆಒರಗಿ ಕುಳಿತು, 10 ಮಿಲಿಲೀಟರ್ ಸಿರಿಂಜಿನ ತುದಿಗೆ ಬಾಯಿಟ್ಟು ಒಳಗಿನ ಬಿರಡೆ ಅಲುಗುವಷ್ಟು ಜೋರಾಗಿ 15 ಸೆಕೆಂಡು ಊದಬೇಕು. ಕೂಡಲೇ ಅಂಗಾತ ಮಲಗಿಸಿ, ಇನ್ನೊಬ್ಬರು ಎರಡೂ ಕಾಲುಗಳನ್ನು ಓರೆಯಾಗಿ ಮೇಲೆತ್ತಿ ಮತ್ತೆ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯೊಂದರಲ್ಲಿ ಹೀಗೆ ಮಾಡಿದವರಲ್ಲಿ ನೂರಕ್ಕೆ 43 ಮಂದಿಯ ಬಡಿತ ಮಾಮೂಲಿಗೆ ಬಂತು. ಕಾಲೆತ್ತದೆ ಬರೀ ಉಸಿರು ಬಿಗಿಹಿಡಿದವರಲ್ಲಿ 17 ಮಂದಿಗೆ ಮಾತ್ರ. ಸಿರಿಂಜಿಗೆ ಸೂಜಿ ಇರಬಾರದು. ಕಣ್ಣುಗುಡ್ಡೆ ಒತ್ತುವ ಹಳೆಯ ಪದ್ಧತಿ ಅಪಾಯ, ಅದನ್ನು ಮಾಡಲೇಬಾರದು. ಕುತ್ತಿಗೆಯ ರಕ್ತನಾಳ ಒತ್ತುವುದನ್ನೂ ವೈದ್ಯರಿಗೇ ಬಿಡಬೇಕು.

ಎದೆನೋವು, ಉಸಿರಾಟದ ತೊಂದರೆ, ಕಣ್ಣು ಕತ್ತಲೆ ಬರುವುದು, ಪ್ರಜ್ಞೆ ತಪ್ಪುವುದು ಇದ್ದರೆ ಅಥವಾ ಬಡಿತ ಲಯವಿಲ್ಲದೆ ಅಡ್ಡಾದಿಡ್ಡಿಯಾಗಿ ಓಡುತ್ತಿದ್ದರೆ ಮನೆಮದ್ದಿಗೆ ಸಮಯ ಕೊಡದೆ 108ಕ್ಕೆ ಕರೆ ಮಾಡಬೇಕು. ಗರ್ಭಿಣಿಯರೂ ಕಾಯಬಾರದು.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವುದು ಅಡಿನೋಸಿನ್ ಸೂಜಿಮದ್ದು. 6 ಮಿಲಿಗ್ರಾಂನ್ನು ರಭಸದಿಂದ ರಕ್ತನಾಳಕ್ಕೆ ಬಿಟ್ಟು, ಬೇಕಾದರೆ 12 ಮಿಲಿಗ್ರಾಂ ಕೊಡುತ್ತಾರೆ. ಕೆಲವೇ ಸೆಕೆಂಡು ಎವಿ ನೋಡನ್ನು ತಡೆದು ಅದು ಸುತ್ತನ್ನು ಕಡಿಯುತ್ತದೆ. ಆ ಹೊತ್ತಿನಲ್ಲಿ ರೋಗಿಗೆ ಎದೆ ಹಿಂಡಿದಂತೆ, ಈಗಲೇ ಜೀವ ಹೋಯಿತು ಎಂಬಂತೆ ಅನಿಸುವುದುಂಟು. ಮೊದಲೇ ಹೇಳಿ ಧೈರ್ಯ ಕೊಟ್ಟರೆ ಗಾಬರಿ ತಪ್ಪುತ್ತದೆ. ರಕ್ತದೊತ್ತಡ ಕುಸಿದಿದ್ದರೆ ನಿದ್ದೆಯ ಮದ್ದು ಕೊಟ್ಟು ವಿದ್ಯುತ್ ಶಾಕ್‌ನಿಂದ ಲಯ ಸರಿಪಡಿಸುತ್ತಾರೆ.

ಡಬ್ಲ್ಯುಪಿಡಬ್ಲ್ಯು ಇದ್ದವರ ವಿಷಯದಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಅವರಲ್ಲಿ ಹೃತ್ಕರ್ಣದ ಕಂಪನ ಶುರುವಾದರೆ ಎವಿ ನೋಡ್ ಸೋಸುವ ಸಂಕೇತಗಳನ್ನು ಅಡ್ಡದಾರಿ ಸೋಸದೆ ಕೆಳಗೆ ಬಿಟ್ಟುಬಿಡಬಹುದು. ಹೃತ್ಕುಕ್ಷಿ ವಿಪರೀತ ವೇಗಕ್ಕೆ ಹೋಗಿ, ಅಪರೂಪಕ್ಕೆ ಹಠಾತ್ ಸಾವೂ ಆಗಬಹುದು. ಲಯವಿಲ್ಲದ ಈ ಬಡಿತಕ್ಕೆ ವೆರಾಪಮಿಲ್, ಡಿಗಾಕ್ಸಿನ್, ಅಡಿನೋಸಿನ್‌ನಂಥ ಎವಿ ನೋಡ್ ತಡೆಯುವ ಮದ್ದು ಕೊಟ್ಟರೆ ಹಾನಿ ಇನ್ನೂ ಹೆಚ್ಚು. ಅದಕ್ಕೇ ರೋಗಿಯ ಪಾಕೀಟಿನಲ್ಲಿ ‘ಡಬ್ಲ್ಯುಪಿಡಬ್ಲ್ಯು ಇದೆ’ ಎಂಬ ಚೀಟಿ, ಜೊತೆಗೆ ಇಸಿಜಿಯ ಜೆರಾಕ್ಸ್ ಇರಲೇಬೇಕು.

ಕೆಲವರಿಗೆ ಯಾವ ತೊಂದರೆಯೂ ಇಲ್ಲದೆ, ಸೇನಾ ಭರ್ತಿಯಲ್ಲೋ ಕಾರ್ಖಾನೆಯ ಮೆಡಿಕಲ್‌ನಲ್ಲೋ ತೆಗೆದ ಇಸಿಜಿಯಲ್ಲಿ ಡೆಲ್ಟಾ ಅಲೆ ಕಾಣಿಸಿ ದಿಗಿಲಾಗುತ್ತದೆ. ಅಂಥವರಿಗೆ ಸಾವಿನ ಭಯ ವರ್ಷಕ್ಕೆ ಸಾವಿರದಲ್ಲಿ ಒಂದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹೆದರಬೇಕಿಲ್ಲ, ಆದರೆ ತಜ್ಞರಿಂದ ಒಮ್ಮೆ ತೂಗಿನೋಡಿಸಿಕೊಳ್ಳಬೇಕು. ಟ್ರೆಡ್‌ಮಿಲ್ ಮೇಲೆ ಬಡಿತ ಏರಿದಾಗ ಡೆಲ್ಟಾ ಅಲೆ ತಟ್ಟನೆ ಮಾಯವಾದರೆ ಅಡ್ಡದಾರಿ ದುರ್ಬಲವೆಂದು ತಿಳಿಯಬಹುದು. ಎತ್ತರದಲ್ಲಿ ಕೆಲಸ ಮಾಡುವವರು, ಲಾರಿ, ಬಸ್ಸು ಓಡಿಸುವವರು, ಆಟಗಾರರು ಇವರ ವಿಷಯದಲ್ಲಿ ವೈದ್ಯರು ಆ ಎಳೆಯನ್ನು ಸುಟ್ಟುಹಾಕುವ ಅಬ್ಲೇಷನ್ ಕಡೆಗೇ ಹೆಚ್ಚು ಒಲವು ತೋರುತ್ತಾರೆ.

ಅಬ್ಲೇಷನ್ ಎಂದರೇನು

ಮೊದಲು ಅಡ್ಡದಾರಿಗೆ ಇದ್ದ ಖಾಯಂ ಪರಿಹಾರ ಎದೆ ಕೊಯ್ಯುವುದೊಂದೇ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ ಸೀಲಿ ಮೀನುಗಾರನೊಬ್ಬನ ಹೃದಯ ತೆರೆದು ಆ ಎಳೆ ಕತ್ತರಿಸಿದರು. 1980ರ ದಶಕದ ಶುರುವಿನಲ್ಲಿ ಮೆಲ್ವಿನ್ ಶೈನ್‌ಮನ್ ರಕ್ತನಾಳದಿಂದ ತೂರಿಸಿದ ತಂತಿಯ ಮೂಲಕವೇ, ಎದೆ ಕೊಯ್ಯದೆ, ಎವಿ ನೋಡ್ ಬಳಿ ವಿದ್ಯುತ್ ಶಾಕ್ ಹರಿಸುವ ವಿಧಾನ ತಂದರು. ಅದು ಒರಟು ವಿಧಾನ. ದಶಕ ಮುಗಿಯುವಷ್ಟರಲ್ಲಿ ಶಾಕ್‌ನ ಜಾಗಕ್ಕೆ ಹದವಾದ ರೇಡಿಯೊ ಆವರ್ತನದ ವಿದ್ಯುತ್ ಬಂತು. 1991ರಲ್ಲಿ ವಾರೆನ್ ಜ್ಯಾಕ್‌ಮನ್ ಮತ್ತು ಹ್ಯೂ ಕ್ಯಾಲ್ಕಿನ್ಸ್ ತಂಡಗಳು ಅಡ್ಡದಾರಿಯ ಬಹುಪಾಲು ರೋಗಿಗಳು ಇದರಿಂದ ವಾಸಿಯಾದುದನ್ನು ತೋರಿಸಿದ ಮೇಲೆ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು.

ಈಗ ನಡೆಯುವುದು ಹೀಗೆ. ಬಡಿತ ತಗ್ಗಿಸುವ ಗುಳಿಗೆಗಳನ್ನು ವೈದ್ಯರು ಹೇಳಿದಂತೆ ಕೆಲವು ದಿನ ಮುಂಚೆ ನಿಲ್ಲಿಸುತ್ತಾರೆ, ಇಲ್ಲವಾದರೆ ಪರೀಕ್ಷೆಯ ಹೊತ್ತಿಗೆ ಬಡಿತ ಏಳುವುದೇ ಇಲ್ಲ. ಆರು ಗಂಟೆ ಊಟವಿಲ್ಲ. ಹೆಂಗಸರು ಗರ್ಭಿಣಿಯರಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ, ಏಕೆಂದರೆ ಎಕ್ಸ್‌ರೇ ಬಳಸುವುದುಂಟು. ಕ್ಯಾತ್‌ಲ್ಯಾಬ್‌ನಲ್ಲಿ ಮಲಗಿಸಿ ತೊಡೆಸಂದಿಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಾರೆ. ಬಹುಪಾಲು ವಯಸ್ಕರು ಎಚ್ಚರವಾಗಿಯೇ ಇರುತ್ತಾರೆ, ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ತೊಡೆಸಂದಿನ ಅಭಿಧಮನಿಯ ಮೂಲಕ ಎರಡು ಮಿಲಿಮೀಟರಿನಷ್ಟು ದಪ್ಪದ ಮೂರೋ ನಾಲ್ಕೋ ಕ್ಯಾತಿಟರ್ ಎಂಬ ತಂತಿಗಳನ್ನು ಹೃದಯದೊಳಗೆ ಬೇರೆ ಬೇರೆ ಕಡೆ ನಿಲ್ಲಿಸುತ್ತಾರೆ. ಅವುಗಳ ತುದಿಯ ಲೋಹದ ಬಳೆಗಳು ಒಳಗಿನ ವಿದ್ಯುತ್ತನ್ನು ನೇರವಾಗಿ ಗ್ರಹಿಸಿ ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತವೆ. ಇದು ಇಪಿ ಸ್ಟಡಿ. ಸಣ್ಣ ಸಂಕೇತಗಳನ್ನು ಕೊಟ್ಟು, ಬೇಕಾದರೆ ಐಸೊಪ್ರೆನಲಿನ್ ಎಂಬ ಮದ್ದು ಹನಿಸಿ, ಬಡಿತವನ್ನು ಬೇಕೆಂದೇ ಎಬ್ಬಿಸುತ್ತಾರೆ. ವರ್ಷಗಳಿಂದ ಕಾಡಿದ ಅದೇ ಡಬಡಬ ಆಗ ಮೇಜಿನ ಮೇಲೆ ಮರಳಿ ಬರುತ್ತದೆ. ರೋಗಿ ಹೆದರಬಾರದು, ಅದನ್ನು ಅಲ್ಲೇ ನಿಲ್ಲಿಸಲೂ ಬರುತ್ತದೆ.

ಸಂಕೇತ ಎಲ್ಲಿ ಎಲ್ಲಕ್ಕಿಂತ ಮೊದಲು ದಾಟುತ್ತದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಹುಡುಕಿ, ಅಲ್ಲಿಗೆ ಅಬ್ಲೇಷನ್ ಕ್ಯಾತಿಟರಿನ ತುದಿ ಒತ್ತಿ ವಿದ್ಯುತ್ ಹರಿಸುತ್ತಾರೆ. ತುದಿ 50ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕೆಲವು ಮಿಲಿಮೀಟರ್ ಅಗಲದ ಕಲೆಯೊಂದು ಬಿದ್ದು ಆ ಎಳೆ ಸತ್ತುಹೋಗುತ್ತದೆ. ಜಾಗ ಸರಿಯಾಗಿದ್ದರೆ ಎಷ್ಟೋ ಸಲ ಐದಾರು ಸೆಕೆಂಡಿನೊಳಗೆ ಪರದೆಯ ಮೇಲೆ ಡೆಲ್ಟಾ ಅಲೆ ಅಳಿಸಿ, ಗೆರೆ ಬುಡದಿಂದ ನೆಟ್ಟಗೆ ಏಳತೊಡಗುತ್ತದೆ. ಕೋಣೆಯಲ್ಲಿ ಎಲ್ಲರ ಕಣ್ಣೂ ಕಾಯುವ ಗಳಿಗೆ ಅದು. ಆಮೇಲೂ ಅರ್ಧ ಗಂಟೆ ಕಾದು, ಮತ್ತೆ ಎಬ್ಬಿಸಲು ನೋಡಿ, ಏಳದಿದ್ದರೆ ಮುಗಿಸುತ್ತಾರೆ. ಎಳೆ ಎಡಗಡೆ ಇದ್ದರೆ ಮೇಲಿನ ಕೋಣೆಗಳ ನಡುವಿನ ತೆಳುಗೋಡೆಗೆ ಸೂಜಿರಂಧ್ರ ಮಾಡಿಯೋ ಅಪಧಮನಿಯ ಕಡೆಯಿಂದಲೋ ಹೋಗಬೇಕು. ಎವಿಎನ್‌ಆರ್‌ಟಿಯಲ್ಲಿ ನಿಧಾನದ ದಾರಿಯನ್ನು ಮಾತ್ರ ಸುಟ್ಟು ವೇಗದ್ದನ್ನು ಉಳಿಸುತ್ತಾರೆ. ಎವಿ ನೋಡ್‌ಗೆ ತೀರಾ ಹತ್ತಿರದ ಜಾಗಗಳಲ್ಲಿ ಸುಡುವ ಬದಲು ತಣ್ಣಗೆ ಹೆಪ್ಪುಗಟ್ಟಿಸುವ ಕ್ರಯೊ ವಿಧಾನ ಹೆಚ್ಚು ಸುರಕ್ಷಿತ. ಅದರಲ್ಲಿ ಮೊದಲು ಅಲ್ಪ ತಣ್ಣಗೆ ಮಾಡಿ ನೋಡಿ, ಮುಖ್ಯ ಹಾದಿಗೆ ಪೆಟ್ಟು ಬೀಳುತ್ತಿದೆ ಎನಿಸಿದರೆ ಹಿಂದೆ ಸರಿಯಬಹುದು.

ಎವಿಎನ್‌ಆರ್‌ಟಿ ಮತ್ತು ಎಡಗಡೆಯ ಅಡ್ಡದಾರಿಗಳಲ್ಲಿ ನೂರಕ್ಕೆ 95 ಅಥವಾ ಅದಕ್ಕೂ ಹೆಚ್ಚು ಜನರಿಗೆ ಒಂದೇ ಸಲಕ್ಕೆ ವಾಸಿಯಾಗುತ್ತದೆ. ಬಲಗಡೆಯವುಗಳಲ್ಲಿ ಸ್ವಲ್ಪ ಕಡಿಮೆ. ತೊಡೆಸಂದಿನಲ್ಲಿ ರಕ್ತ ಸೋರಿ ಕಂದುಗಟ್ಟುವುದು ಸಾಮಾನ್ಯ. ಹೃದಯದ ಸುತ್ತ ರಕ್ತ ಸೇರುವುದು, ಎಡಗಡೆ ಕೆಲಸ ಮಾಡುವಾಗ ಪಾರ್ಶ್ವವಾಯು, ಎವಿ ನೋಡ್‌ಗೇ ಪೆಟ್ಟುಬಿದ್ದು ಪೇಸ್‌ಮೇಕರ್ ಬೇಕಾಗುವುದು ಇವು ಗಂಭೀರ ತೊಡಕುಗಳು. ಪೇಸ್‌ಮೇಕರಿನ ಸಂದರ್ಭ ಎವಿಎನ್‌ಆರ್‌ಟಿಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ, ತಮ್ಮ ಅಡ್ಡದಾರಿ ಎವಿ ನೋಡ್‌ಗೆ ಎಷ್ಟು ಹತ್ತಿರ ಎಂದು ರೋಗಿ ಕೇಳಿ ತಿಳಿಯಬೇಕು. ಕೇಳುವ ಹಕ್ಕು ರೋಗಿಗಿದೆ.

ವರ್ಷಕ್ಕೊಮ್ಮೆ ಬಂದು ತಾನಾಗಿ ನಿಲ್ಲುವ, ಡೆಲ್ಟಾ ಅಲೆ ಇಲ್ಲದ ಎಸ್‌ವಿಟಿಗೆ ಅಬ್ಲೇಷನ್ ಕಡ್ಡಾಯವೇನಲ್ಲ. ಮೆಟೊಪ್ರೊಲಾಲ್, ವೆರಾಪಮಿಲ್‌ನಂಥ ಗುಳಿಗೆಯಲ್ಲಿ ನಿಭಾಯಿಸಬಹುದು. ಪದೇಪದೇ ಬರುವವರು, ಗುಳಿಗೆ ಒಗ್ಗದವರು, ಮುಂದೆ ಮಕ್ಕಳಾಗಬೇಕೆಂದಿರುವ ಯುವತಿಯರು ಮೊದಲೇ ಅಬ್ಲೇಷನ್ ಮಾಡಿಸಿಕೊಳ್ಳುವುದು ಲೇಸು. ಇಪ್ಪತ್ತೈದರ ಹರೆಯದವರು ವಾಸಿಯಾಗುವ ಕಾಯಿಲೆಗೆ ಐವತ್ತು ವರ್ಷ ಗುಳಿಗೆ ನುಂಗುವುದಕ್ಕೆ ಕಾರಣವೇ ಇಲ್ಲ.

ಎಲ್ಲಿ, ಯಾವ ಯೋಜನೆಯಲ್ಲಿ

ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2016ರಿಂದ ಜಿಮ್ಸ್ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ನಡೆದುಬಂತು. 371 ಹಾಸಿಗೆಗಳ ಸ್ವಂತ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹೃದಯದ ಯಾವ ತೊಂದರೆಗೂ ಈ ಭಾಗದವರ ಮೊದಲ ಮೆಟ್ಟಿಲು ಇದೇ. ಎಲ್ಲ ಹೃದ್ರೋಗ ತಜ್ಞರೂ ಅಬ್ಲೇಷನ್ ಮಾಡುವುದಿಲ್ಲ. ಅದಕ್ಕೆ ಎಲೆಕ್ಟ್ರೊಫಿಸಿಯಾಲಜಿ ಕಲಿತ ತಜ್ಞರೇ ಬೇಕು, ಯಂತ್ರವೂ ಬೇರೆ. ಆದ್ದರಿಂದ ಹೊರರೋಗಿ ವಿಭಾಗದಲ್ಲಿ ‘ಇಪಿ ಸ್ಟಡಿ ಇಲ್ಲೇ ಆಗುತ್ತದೆಯೇ, ಯಾವ ದಿನ, ಇಲ್ಲವಾದರೆ ಎಲ್ಲಿಗೆ ಬರೆದುಕೊಡುತ್ತೀರಿ’ ಎಂದು ನೇರವಾಗಿ ಕೇಳಬೇಕು. ಬೆಂಗಳೂರಿನ ಜಯದೇವದಲ್ಲಿ ಇದಕ್ಕೆಂದೇ ವಿಭಾಗವಿದೆ. ವಾಡಿ ಜಂಕ್ಷನ್ನಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಬೆಂಗಳೂರಿಗೆ ಹೋಗುತ್ತದೆ, ಕಲಬುರಗಿಯಿಂದ 2024ರ ಮಾರ್ಚ್‌ನಿಂದ ವಂದೇ ಭಾರತ್ ರೈಲೂ ಇದೆ. ಚಿಂಚೋಳಿ, ಸೇಡಂ ಕಡೆಯ ಎಷ್ಟೋ ಜನ ರೂಢಿಯಂತೆ ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿಯೂ ಈ ಚಿಕಿತ್ಸೆ ಇದೆ, ಆದರೆ ಕರ್ನಾಟಕದ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುಂಚೆಯೇ ವಿಚಾರಿಸದಿದ್ದರೆ ಖರ್ಚು ಮೈಮೇಲೆ ಬೀಳುತ್ತದೆ.

ಬಡವರಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲೇ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿ, ಆಮೇಲೆ ಆಯುಷ್ಮಾನ್ ಭಾರತದ ಜೊತೆ ಒಂದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಆಧಾರ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಬಡಿತ ಓಡುತ್ತಿದ್ದಾಗಿನ ಇಸಿಜಿ ಇಷ್ಟು ಕೈಯಲ್ಲಿರಬೇಕು. ಆಸ್ಪತ್ರೆಯ ಆರೋಗ್ಯಮಿತ್ರರು ಮುಂಗಡ ಮಂಜೂರಾತಿಗೆ ಅರ್ಜಿ ಹಾಕುತ್ತಾರೆ. ಮಂಜೂರಾತಿ ಬರುವ ಮುಂಚೆ ಹಣ ಕಟ್ಟಿ ದಾಖಲಾಗುವುದು ಬೇಡ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಕಟ್ಟುವ ಕಾರ್ಮಿಕರು ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯ ಮೂಲಕ ಹೋಗಬಹುದು.

ಮನೆಗೆ ಮರಳಿದ ಮೇಲೆ

ಚಿಕಿತ್ಸೆಯ ದಿನ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಬೇಕು. ಸಾಮಾನ್ಯವಾಗಿ ಮರುದಿನ ಮನೆಗೆ ಕಳಿಸುತ್ತಾರೆ. ಒಂದು ವಾರ ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಹೆಚ್ಚು ಹೊತ್ತು ಕೂಡಬಾರದು, ಬೈಕಿಗೆ ಕಿಕ್ ಹೊಡೆಯಬಾರದು. ತೊಡೆಸಂದಿನಲ್ಲಿ ರಕ್ತ ಒಸರಿದರೆ ಗಟ್ಟಿಯಾಗಿ ಒತ್ತಿಹಿಡಿದು ಆಸ್ಪತ್ರೆಗೆ ಬರಬೇಕು. ಬಾವು ಬೆಳೆಯುತ್ತಿದ್ದರೆ, ಕಾಲು ಊದಿದರೆ, ಜ್ವರ, ಎದೆನೋವು, ಏದುಸಿರು ಬಂದರೆ ತಡಮಾಡಬಾರದು. ಎಡಗಡೆಯ ಅಬ್ಲೇಷನ್ ಆದವರಿಗೆ ಕೆಲವು ವಾರ ಆಸ್ಪಿರಿನ್ ಬರೆದುಕೊಡುವುದುಂಟು, ಅದನ್ನು ನಡುವೆ ಬಿಡಬಾರದು.

ಮೊದಲ ಕೆಲವು ವಾರ ಒಂದೊಂದು ಬಡಿತ ತಪ್ಪಿದಂತೆ, ಈಗ ಶುರುವಾಗುತ್ತದೆ ಎಂಬಂತೆ ಅನಿಸಿ ತಟ್ಟನೆ ಸುಮ್ಮನಾಗುವುದು ಸಾಮಾನ್ಯ. ಮುಂಚೆ ಸುತ್ತನ್ನು ಎಬ್ಬಿಸುತ್ತಿದ್ದ ಬಿಡಿ ಬಡಿತಗಳು ಅವು. ಈಗ ಸುತ್ತಲು ದಾರಿಯಿಲ್ಲ. ಹಿಂದಿನಂತೆಯೇ ಪೂರ್ತಿ ಓಟ ಮರಳಿದರೆ ಮಾತ್ರ, ಆಗಲೂ ಓಡುತ್ತಿರುವಾಗಲೇ, ಇಸಿಜಿ ತೆಗೆಸಬೇಕು. ನೂರಕ್ಕೆ ಐದಾರು ಜನರಲ್ಲಿ, ಬಹುತೇಕ ಮೊದಲ ಕೆಲವು ತಿಂಗಳಲ್ಲೇ, ಕಾಯಿಲೆ ಮರುಕಳಿಸುತ್ತದೆ. ಸುಡುವಾಗ ಎಳೆ ಪೂರ್ತಿ ಸಾಯದೆ ಬರೀ ಊದಿಕೊಂಡಿದ್ದು, ಊತ ಇಳಿದ ಮೇಲೆ ಮತ್ತೆ ಜೀವ ಹಿಡಿಯುವುದು ಇದಕ್ಕೆ ಕಾರಣ. ಅಂಥವರಿಗೆ ಎರಡನೆಯ ಸಲ ಅಬ್ಲೇಷನ್ ಮಾಡಬಹುದು. ಮೊದಲ ಸಲದ ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲಿ, ಎಷ್ಟು ಸಲ ಸುಟ್ಟರು ಎಂಬ ವಿವರ ಇದ್ದರೆ ಎರಡನೆಯವರ ಕೆಲಸ ಸಲೀಸಾಗುತ್ತದೆ.